ಹೊಳೆ ಬದಿಯ ಬಾವಿ ಮತ್ತು ಎರಡನೇ ರಿವ್ಯೂವರ್

ಜರ್ನಲ್‌ಗೆ ಕಳಿಸಿದ ನನ್ನ ಮೊದಲ ಸಂಶೋಧನಾ ಪೇಪರ್ ವಾಪಸ್ ಬರಲು ಆರೇ ದಿನ ಸಾಕಾಯಿತು. ರಿವ್ಯೂವರ್‌ಗಳ (ಪೇಪರನ್ನು ಪರೀಕ್ಷಿಸುವ ವಿಷಯ ತಜ್ಞರ) ತನಕ ಹೋಗಲೇ ಇಲ್ಲ, ಎಡಿಟರ್ ಮೇಜಿನಿಂದಲೇ ತಿರುಗಿ ಬಂತು. ಎರಡು ಸಾಲಿನ ಪತ್ರ: ವಿಷಯ ಸ್ಥಳೀಯ ಮಟ್ಟದ್ದು, ನಮ್ಮ ಓದುಗರಿಗೆ ಹೊಂದುವುದಿಲ್ಲ. ಉಡುಪಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿಕೊಂಡು, ಆದಿತ್ಯವಾರಗಳಲ್ಲಿ ಉದ್ಯಾವರ ಹೊಳೆ ಬದಿಯ ಬಾವಿಗಳಿಂದ ನೀರು ತಂದು, ವರ್ಷವಿಡೀ ಅದರ ಉಪ್ಪು ಅಳೆಯುವ ಟೈಟ್ರೇಷನ್ ಮಾಡಿದವಳಿಗೆ ಆ ‘ಸ್ಥಳೀಯ’ ಎಂಬ ಶಬ್ದ ಚುಚ್ಚಿತು. ಬಾವಿ ಮತ್ತೆಲ್ಲಿ ಇರಬೇಕಿತ್ತಂತೆ?

ಕೋಪ ಇಳಿದ ಮೇಲೆ ಪುನಃ ಓದಿ ನೋಡಿದೆ. ಎಡಿಟರ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಕಳಿಸಿದ್ದು ಪಿಎಚ್‌ಡಿಯ ಮೂರನೇ ಅಧ್ಯಾಯಕ್ಕೆ ಕತ್ತರಿ ಹಾಕಿ ಅಂಟಿಸಿದ್ದು. 24 ಬಾವಿ, 12 ತಿಂಗಳು, 9 ಟೇಬಲ್. ಪ್ರತಿ ಟೇಬಲ್ಲಿನ ಕೆಳಗೂ ಬೇಸಗೆಯಲ್ಲಿ ಉಪ್ಪು ಜಾಸ್ತಿ, ಮಳೆಗಾಲದಲ್ಲಿ ಕಡಿಮೆ ಎಂಬುದನ್ನೇ ತಿರುಗಿಸಿ ಮುರುಗಿಸಿ ಬರೆದಿದ್ದೆ. ಸರಕಾರಿ ಇಲಾಖೆಗೆ ಕೊಡುವ ವರದಿಯಾಗಿದ್ದರೆ ಚೆನ್ನಾಗಿಯೇ ಇತ್ತು.

ಇದನ್ನು ಹೊಳೆ ಬದಿಯ ಒಬ್ಬರು ಅಮ್ಮ ನನಗೆ ಮೊದಲೇ ಹೇಳಿದ್ದರು. ನಾನು ಬಾಟ್ಲಿ ತುಂಬಿಸುತ್ತಿದ್ದೆ, ಅವರು ಕೊಡಪಾನ ಇಟ್ಟುಕೊಂಡು ನಿಂತಿದ್ದರು. “ಟೀಚರೇ, ಶಿವರಾತ್ರಿ ಕಳೆದ ಮೇಲೆ ನೀರು ಉಪ್ಪಾಗ್ತದೆ ಅಂತ ನಮಗೆ ಗೊತ್ತುಂಟು. ಅದಕ್ಕೆ ಇಷ್ಟು ಬಾಟ್ಲಿ ಎಂತಕ್ಕೆ? ಆಚೆ ಮನೆಯವರ ಬಾವಿ ನಮ್ಮದಕ್ಕಿಂತ ಹೊಳೆಗೆ ಹತ್ತಿರ. ಅವರದ್ದು ಉಪ್ಪಾಗುವುದಿಲ್ಲ, ನಮ್ಮದು ಆಗ್ತದೆ. ಅದು ಹೇಗೆ ಅಂತ ಹೇಳಿ ನೋಡುವ.” ನಾನು ನಕ್ಕು ಬಾಟ್ಲಿಗೆ ಚೀಟಿ ಅಂಟಿಸಿ ಬಂದಿದ್ದೆ. ವಾಪಸ್ ಬಂದ ಪೇಪರನ್ನು ಎದುರಿಗಿಟ್ಟುಕೊಂಡಾಗ ನೆನಪಾದದ್ದು ಅದೇ ಮಾತು. 9 ಟೇಬಲ್ಲುಗಳಲ್ಲಿ ಒಂದರಲ್ಲೂ ಅವರ ಪ್ರಶ್ನೆಗೆ ಉತ್ತರ ಇರಲಿಲ್ಲ.

ಎರಡನೇ ಸಲ ಬರೆಯುವಾಗ ಕ್ರಮವನ್ನೇ ತಲೆಕೆಳಗು ಮಾಡಿದೆ. ಮೊದಲು ಚಿತ್ರಗಳು: ಒಂದು ನಕ್ಷೆ, ಎರಡು ಗ್ರಾಫ್. ಆಮೇಲೆ ಮಾಡಿದ ವಿಧಾನ, ಸಿಕ್ಕಿದ ಫಲಿತಾಂಶ, ಅದರ ಚರ್ಚೆ. ಪೀಠಿಕೆ ಕೊನೆಗೆ, ಸಾರಾಂಶ ಮತ್ತು ಶೀರ್ಷಿಕೆ ಅದಕ್ಕೂ ಕೊನೆಗೆ. ಪೀಠಿಕೆ ಮೊದಲು ಬರೆಯಲು ಕೂತರೆ ‘ನೀರು ಜೀವಜಲ’ದಿಂದ ಶುರುವಾಗುತ್ತದೆ, ನನ್ನ ಮೊದಲ ಪ್ರತಿ ಶುರುವಾದದ್ದೇ ಹಾಗೆ. ಹೊಸ ಪೀಠಿಕೆ ಹುಟ್ಟಿದ್ದು ಮಂಗಳೂರಿನಲ್ಲಿರುವ ನನ್ನ ಪಿಎಚ್‌ಡಿ ಗೈಡ್ ಹತ್ತಿರ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ, ಮೂಲ್ಕಿಯ ಆಸುಪಾಸು, ಟಿಕೆಟ್ಟಿನ ಹಿಂಬದಿಯ ಒಂದು ಲೆಕ್ಕದಿಂದ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್, ಅಂದರೆ ಉಪ್ಪಿನ ಮುಖ್ಯ ಅಂಶ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವುದು 250. ಬೇರೆ ಮೂಲವೇ ಇಲ್ಲದಿದ್ದರೆ 1,000 ತನಕ. ಅಂದರೆ ನೂರು ಕೊಡ ಸಿಹಿನೀರಿಗೆ ಒಂದೂವರೆ ಕೊಡ ಸಮುದ್ರದ ನೀರು ಸೇರಿದರೆ ಸಾಕು, ಬಾವಿ ಮೊದಲ ಗಡಿ ದಾಟಿದ ಹಾಗೆ. ಇದನ್ನು ಗೈಡ್‌ಗೆ ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡಿ, “ಇದನ್ನು ಎರಡನೇ ಪ್ಯಾರಾದಲ್ಲಿ ಹಾಕಿ, ಅದಕ್ಕಿಂತ ಮೇಲೆ ಇರುವುದನ್ನೆಲ್ಲ ತೆಗೆಯಿರಿ” ಎಂದರು.

ಗೈಡ್ ಹಿಡಿದ ಇನ್ನೊಂದು ಪಟ್ಟು ಅಯಾನುಗಳ, ಅಂದರೆ ನೀರಿನಲ್ಲಿ ಕರಗಿದ ವಿದ್ಯುದಂಶವುಳ್ಳ ಕಣಗಳ ತಾಳೆ. ನೀರಿನಲ್ಲಿ ಧನ ಅಯಾನು, ಋಣ ಅಯಾನುಗಳ ಒಟ್ಟು ವಿದ್ಯುದಂಶ ಸಮ ಇರಲೇಬೇಕು. ಎರಡರ ನಡುವಿನ ವ್ಯತ್ಯಾಸ ಶೇ 5ರ ಒಳಗಿದ್ದರೆ ವಿಶ್ಲೇಷಣೆ ನಂಬಬಹುದು. ನನ್ನ ಮೂರು ಸ್ಯಾಂಪಲ್‌ಗಳಲ್ಲಿ ಅದು ಶೇ 12 ದಾಟಿತ್ತು. ನೋಟ್‌ಬುಕ್ ತಿರುವಿ ಹಾಕಿದರೆ ಮೂರೂ ಒಂದೇ ದಿನದ್ದು. ಅವತ್ತು ಕಾಲೇಜಿನಲ್ಲಿ ಕರೆಂಟ್ ಹೋಗಿ ಬೈಕಾರ್ಬನೇಟ್ ಅಳೆಯುವುದು ಮರುದಿನಕ್ಕೆ ಬಿದ್ದಿತ್ತು. ನೀರು ನಿಂತರೆ ಅದರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಹಾರಿ ಹೋಗುತ್ತದೆ, ಆಗ ಸುಣ್ಣದ ಅಂಶ ತಳಕ್ಕೆ ಕೂತು ಬೈಕಾರ್ಬನೇಟ್ ಕಡಿಮೆಯಾಗಬಹುದು, ಲೆಕ್ಕ ತಪ್ಪುತ್ತದೆ. ಮೂರನ್ನೂ ಬಿಟ್ಟೆ, ಬಿಟ್ಟದ್ದನ್ನು ಕಾರಣ ಸಮೇತ ವಿಧಾನದ ಭಾಗದಲ್ಲಿ ಬರೆದೆ. ಹಾಗೆಯೇ ‘ಪ್ರಮಾಣಿತ ವಿಧಾನ ಅನುಸರಿಸಲಾಯಿತು’ ಎಂಬ ಒಂದು ಸಾಲಿನ ಜಾಗದಲ್ಲಿ ಸ್ಯಾಂಪಲ್ ಎಷ್ಟು ಮಿಲಿಲೀಟರ್, ಸಿಲ್ವರ್ ನೈಟ್ರೇಟಿನ ಸಾಂದ್ರತೆ 0.0141 ನಾರ್ಮಲ್, ಹಳದಿ ಕ್ರೋಮೇಟ್ ದ್ರಾವಣ ಇಟ್ಟಿಗೆ ಕೆಂಪಿಗೆ ತಿರುಗಿದಾಗ ನಿಲ್ಲಿಸಿದ್ದು, ಪ್ರತಿ ಸ್ಯಾಂಪಲ್ ಎಷ್ಟು ಸಲ ಮಾಡಿದ್ದು ಎಲ್ಲ ಬಂತು. ಆ ವರ್ಷ ಬೆರಳ ತುದಿಗೆ ಹತ್ತಿದ ಸಿಲ್ವರ್ ನೈಟ್ರೇಟಿನ ಕಪ್ಪು ಕಲೆ ನೋಡಿ ಅತ್ತೆ ಎಷ್ಟೋ ಸಲ ಕೇಳಿದ್ದಾರೆ, ಇದು ಎಂಥ ರೋಗ ಅಂತ.

ಇನ್ನು ಯಾವ ಜರ್ನಲ್ ಎಂಬುದು. ಮೊದಲ ಸಲ ಹೆಸರು ದೊಡ್ಡದು ಅಂತ ನೋಡಿ ಕಳಿಸಿದ್ದೆ. ಈ ಸಲ ನಾನು ಉಲ್ಲೇಖಿಸಿದ ಪೇಪರ್‌ಗಳು ಯಾವ ಯಾವ ಜರ್ನಲ್‌ನಲ್ಲಿ ಬಂದಿವೆ ಎಂದು ಎಣಿಸಿದೆ. ಮೂರು ಹೆಸರು ಪದೇ ಪದೇ ಬಂದವು. ಕರಾವಳಿಯ ಅಂತರ್ಜಲದ ಬಗ್ಗೆ ಇತ್ತೀಚಿನ ವರ್ಷಗಳಲ್ಲೂ ಹಾಕುತ್ತಿರುವ ಒಂದನ್ನು ಹಿಡಿದೆ. ಸ್ಟಾಫ್ ರೂಮಿನಲ್ಲಿ ಆಗ ಎಲ್ಲರ ಪ್ರಶ್ನೆ ಒಂದೇ, “ಕೇರ್ ಲಿಸ್ಟಿನಲ್ಲಿ ಉಂಟಾ?” ಎಂದು. ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿ ಅದು. 2025ರಲ್ಲಿ ಯುಜಿಸಿಯೇ ಆ ಪಟ್ಟಿಯನ್ನು ಕೈಬಿಟ್ಟಿತು, ಅದು ಬೇರೆ ಮಾತು. ಈ ನಡುವೆ ದಿನಕ್ಕೆರಡು ಮೇಲ್ ಬರುತ್ತಿತ್ತು: ‘ಗೌರವಾನ್ವಿತ ಪ್ರೊಫೆಸರ್, ನಿಮ್ಮ ಅಮೂಲ್ಯ ಲೇಖನ ಮೂರು ದಿನದಲ್ಲಿ ಪ್ರಕಟಿಸುತ್ತೇವೆ.’ ನಾನು ಪ್ರೊಫೆಸರೂ ಅಲ್ಲ. ಪೇಪರ್ ಓದಲಿಕ್ಕೇ ಮೂರು ದಿನ ಬೇಕು. ಪರಿಚಯದವರೊಬ್ಬರು ಅಂಥ ಕಡೆ ದುಡ್ಡು ಕಟ್ಟಿ ಹಾಕಿದರು. ಈಗ ಅದರ ವೆಬ್‌ಸೈಟೇ ತೆರೆಯುವುದಿಲ್ಲ. ನಾನು ಆರಿಸಿದ ಜರ್ನಲ್‌ನಲ್ಲಿ ಓಪನ್ ಆಕ್ಸೆಸ್ (ಯಾರು ಬೇಕಾದರೂ ಪುಕ್ಕಟೆ ಓದುವ ಹಾಗೆ) ಬೇಕೆಂದರೆ ಲಕ್ಷ ರೂಪಾಯಿ ಮೀರಿದ ಶುಲ್ಕ. ಓದುವವರು ದುಡ್ಡು ಕೊಡುವ ಚಂದಾ ದಾರಿಯಲ್ಲಿ ಹಾಕಿದರೆ ಲೇಖಕರು ಕೊಡಬೇಕಾದ್ದು ಏನೂ ಇಲ್ಲ. ಆ ಆಯ್ಕೆ ಅರ್ಜಿಯ ಪುಟದಲ್ಲೇ ಇರುತ್ತದೆ, ಕಣ್ಣಿಗೆ ಬೀಳಬೇಕು ಅಷ್ಟೆ.

ಸಲ್ಲಿಸುವ ಕೆಲಸ ಒಂದು ಗಂಟೆಯದ್ದು ಅಂದುಕೊಂಡಿದ್ದೆ, ಎರಡು ರಾತ್ರಿ ಹಿಡಿಯಿತು. ಮೊದಲ ಪುಟದಲ್ಲೇ ‘ಲಾಸ್ಟ್ ನೇಮ್’ ಕೇಳಿತು, ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ನನಗೆ ಇರುವುದು ಹೆಸರು, ಅದರ ಮುಂದೆ ಒಂದು ಇನಿಶಿಯಲ್. ಹಳೆಯ ಸಮ್ಮೇಳನದ ಪೇಪರಿನಲ್ಲಿ ಗಂಡನ ಹೆಸರು ಸೇರಿತ್ತು, ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಮನೆಯ ಹೆಸರು. ಮೂವರು ಬೇರೆ ಬೇರೆ ಸಂಶೋಧಕಿಯರ ಹಾಗೆ ಕಾಣುತ್ತಿದ್ದೆ! ಆರ್ಕಿಡ್ ಎಂಬ 16 ಅಂಕೆಯ ಗುರುತಿನ ನಂಬರ್ ಮಾಡಿಸಿಕೊಂಡದ್ದು ಆವತ್ತೇ. ಪುಕ್ಕಟೆ ಸಿಗುತ್ತದೆ, ಐದು ನಿಮಿಷದ ಕೆಲಸ. ಹೆಸರು ಹೇಗೆ ಬರೆದರೂ ಪೇಪರ್‌ಗಳೆಲ್ಲ ಆ ನಂಬರಿಗೇ ಬಂದು ಸೇರುತ್ತವೆ.

ಆಮೇಲೆ ಯಾರು ಏನು ಮಾಡಿದರು ಎಂಬ 14 ಪಾತ್ರಗಳ ಪಟ್ಟಿ: ಯೋಜನೆ, ಪ್ರಯೋಗ, ಬರವಣಿಗೆ ಹೀಗೆ. ಹಿರಿಯರೊಬ್ಬರಿಗೆ ತಮ್ಮ ಹೆಸರೂ ಇರಲಿ ಎಂಬ ಆಸೆ ಇತ್ತು. ನಾನು ಎದುರು ಮಾತಾಡಲಿಲ್ಲ. ಪಟ್ಟಿಯನ್ನು ಅವರಿಗೇ ಮೇಲ್ ಮಾಡಿ, ತಮ್ಮ ಸಾಲನ್ನು ತಾವೇ ತುಂಬಿಸಿ ಕಳಿಸಿ ಸರ್ ಎಂದೆ. ಆ ಮೇಲ್‌ಗೆ ಇವತ್ತಿನ ತನಕ ಉತ್ತರ ಇಲ್ಲ. ಬಾಟ್ಲಿ ಹೊತ್ತ ಅಟೆಂಡರಿಗೂ ಬಾವಿ ಮನೆಯವರಿಗೂ ಕೃತಜ್ಞತೆ ಬರೆದೆ. ಬರೆದು ಎಡವಟ್ಟಾಯಿತು. ಅದು ರಿವ್ಯೂವರ್‌ಗೆ ಲೇಖಕರ ಹೆಸರು ತಿಳಿಯಬಾರದು ಎಂಬ ಪದ್ಧತಿಯ ಜರ್ನಲ್. ಕೃತಜ್ಞತೆಯಲ್ಲಿ ನಮ್ಮ ಕಾಲೇಜಿನ ಹೆಸರಿತ್ತು, ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ನನ್ನದು. ನಾಲ್ಕನೇ ದಿನ ಕಚೇರಿಯಿಂದ ವಾಪಸ್: ಹೆಸರುಗಳನ್ನೆಲ್ಲ ಬೇರೆ ಟೈಟಲ್ ಪುಟಕ್ಕೆ ಹಾಕಿ ಪುನಃ ಕಳಿಸಿ ಎಂದು. ಕಳಿಸುವ ಮುಂಚೆ ಅವರ ಸಿಸ್ಟಮ್ ಎಲ್ಲ ಫೈಲುಗಳನ್ನೂ ಸೇರಿಸಿ ಒಂದು ಪಿಡಿಎಫ್ ಮಾಡಿ ತೋರಿಸುತ್ತದೆ. ಸುಸ್ತಾಗಿರುತ್ತದೆ, ಹೆಚ್ಚಿನವರು ನೋಡದೆ ಒತ್ತಿಬಿಡುತ್ತಾರೆ. ನಾನು ನೋಡಿದೆ, ಪುಣ್ಯ. ಎಡಿಟರ್‌ಗೆ ಬರೆದ ಕವರ್ ಲೆಟರ್‌ನಲ್ಲಿ ಮೊದಲ ಜರ್ನಲ್‌ನ ಹೆಸರೇ ಉಳಿದಿತ್ತು.

ನಾಲ್ಕು ತಿಂಗಳು ‘ಅಂಡರ್ ರಿವ್ಯೂ’. ಆಟಿ ಕಳೆಯಿತು, ಅಷ್ಟಮಿ ಕಳೆಯಿತು. ದೀಪಾವಳಿಯ ವಾರ ‘ಮೇಜರ್ ರೆವಿಷನ್’ (ತುಂಬ ತಿದ್ದಿ ಪುನಃ ಕಳಿಸಿ) ಎಂದು ಮೇಲ್ ಬಂತು, 60 ದಿನ ಗಡುವು. ನಾನು ಅದನ್ನೂ ತಿರಸ್ಕಾರ ಅಂದುಕೊಂಡು ಗೈಡ್‌ಗೆ ಫೋನ್ ಮಾಡಿದೆ. ಅವರು ಆಚೆಯಿಂದ, “ಅಭಿನಂದನೆ ಮಾರಾಯ್ರೆ, ಬೇಡ ಅನ್ನುವವರು ಎಂಟು ಪುಟ ಬರೆಯುವುದಿಲ್ಲ” ಎಂದರು.

ಮೊದಲನೇ ರಿವ್ಯೂವರ್ ಕೇಳಿದ್ದು: ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಬಾವಿ ಉಪ್ಪಾಗುವುದು ಹೇಗೆ? ಓದಿ ನಗು ಬಂತು, ಮತ್ತೆ ನಾಚಿಕೆಯೂ ಆಯಿತು. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಹೊಯಿಗೆಯೂ ಮುರಕಲ್ಲೂ ಆ ನೀರನ್ನು ಬೇಸಗೆ ತನಕ ಹಿಡಿದಿಡುವುದಿಲ್ಲ. ಸಮುದ್ರ ಉಬ್ಬುವ ಭರತದ ಹೊತ್ತಿಗೆ ಹೊಳೆಯಲ್ಲಿ ಉಪ್ಪುನೀರು ಒಳನಾಡಿನ ಕಡೆ ಏರುತ್ತದೆ. ಇದು ನಮಗೆ ಎಷ್ಟು ಗೊತ್ತಿರುವ ಸಂಗತಿ ಎಂದರೆ ಬರೆಯಬೇಕು ಅಂತಲೇ ಹೊಳೆದಿರಲಿಲ್ಲ. ಉಡುಪಿ ಕಾಣದವರಿಗಾಗಿ ಒಂದು ಪ್ಯಾರಾ ಸೇರಿಸಿದೆ.

ಎರಡನೆಯವರದ್ದು ಹದಿನೇಳು ಟಿಪ್ಪಣಿ. ಒಂಬತ್ತನೆಯದು ನಿದ್ದೆ ಕೆಡಿಸಿತು: ಹೊಳೆಯಿಂದ ದೂರ ಮಾತ್ರ ಕೊಟ್ಟಿದ್ದೀರಿ, ಪ್ರತಿ ಬಾವಿಯ ನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ ಎಷ್ಟು ಎತ್ತರದಲ್ಲಿದೆ? ಕರಾವಳಿಯ ಅಂತರ್ಜಲ ಓದಿದವರಿಗೆ ಘೈಬೆನ್–ಹರ್ಜ್‌ಬರ್ಗ್ ಲೆಕ್ಕ ಗೊತ್ತು: ಸಿಹಿನೀರು ಹಗುರ, ಉಪ್ಪುನೀರು ಭಾರ, ಸಿಹಿನೀರು ಸಮುದ್ರ ಮಟ್ಟದಿಂದ 1 ಮೀಟರ್ ಮೇಲೆ ನಿಂತರೆ ಕೆಳಗೆ ಸುಮಾರು 40 ಮೀಟರ್ ತನಕ ಸಿಹಿನೀರೇ ಇರುತ್ತದೆ. ಮೇಲೆ ಒಂದು ಗೇಣು ಇಳಿದರೆ ಕೆಳಗಿನಿಂದ ಉಪ್ಪು ಅದರ ನಲವತ್ತು ಪಟ್ಟು ಏರಲು ಹೊರಡುತ್ತದೆ. ಪೀಠಿಕೆಯಲ್ಲಿ ನಾನೇ ಬರೆದಿದ್ದೆ ಇದನ್ನು. ನನ್ನ ಬಾವಿಗಳಿಗೆ ಹಚ್ಚಿ ನೋಡಿರಲಿಲ್ಲ.

ಮೊಬೈಲಿನ ಜಿಪಿಎಸ್ ತೋರಿಸುವ ಎತ್ತರ ಹಲವು ಮೀಟರ್ ಹೆಚ್ಚುಕಮ್ಮಿ ಆಗುತ್ತದೆ. ನನಗೆ ಬೇಕಾದದ್ದು ಸೆಂಟಿಮೀಟರ್ ಲೆಕ್ಕ. ಒಂದು ವರ್ಷ ಮತ್ತೆ ಸುತ್ತಬೇಕೋ ಏನೋ ಎಂದು ನೋಟ್‌ಬುಕ್ ತೆರೆದರೆ ಕೊನೆಯ ಕಾಲಮ್ಮಿನಲ್ಲಿ ಸಿಕ್ಕಿತು: ಪ್ರತಿ ಸಲ ನೀರು ತೆಗೆಯುವಾಗ ಬಾವಿಕಟ್ಟೆಯಿಂದ ನೀರು ಎಷ್ಟು ಕೆಳಗೆ ಎಂದು ಟೇಪ್ ಇಳಿಸಿ ಬರೆದಿಟ್ಟಿದ್ದೆ. ಕೆಮಿಸ್ಟ್ರಿ ಅಲ್ಲ ಅಂತ ಪೇಪರಿಗೆ ಸೇರಿಸಿರಲಿಲ್ಲ. ಕಟ್ಟೆಗಳ ಎತ್ತರ ಸಿಕ್ಕಿದರೆ ಆಯಿತು. ಎಡಿಟರ್‌ಗೆ ಇನ್ನೂ 30 ದಿನ ಕೊಡಿ ಎಂದು ಬರೆದೆ. ಮರುದಿನವೇ ಸರಿ ಎಂದರು. ಸಿವಿಲ್ ಓದಿದ ಗೆಳತಿ ಎತ್ತರ ಅಳೆಯುವ ಆಟೋ ಲೆವೆಲ್ ತಂದಳು. ಐದು ಆದಿತ್ಯವಾರ ಎತ್ತರ ಗೊತ್ತಿರುವ ಬೆಂಚ್‌ಮಾರ್ಕಿನಿಂದ ಶುರುಮಾಡಿ, ಅಂಗಳ ಅಂಗಳ ದಾಟಿ, ತೆಂಗಿನ ಮರಗಳ ನಡುವೆ ಅಳತೆಕೋಲು ಹಿಡಿದು ನಿಂತೆ.

ಏಪ್ರಿಲ್ ತಿಂಗಳ ಅಂಕಿಗಳನ್ನು ಹೊಸದಾಗಿ ಗ್ರಾಫಿಗೆ ಹಾಕಿದಾಗ ಚುಕ್ಕಿಗಳು ಸಾಲು ಹಿಡಿದವು. ದೂರಕ್ಕೂ ಉಪ್ಪಿಗೂ ಅಂಥ ಸಂಬಂಧ ಕಾಣಲಿಲ್ಲ. ನೀರಿನ ಮಟ್ಟಕ್ಕೂ ಉಪ್ಪಿಗೂ ಕಂಡಿತು. ಆಚೆ ಮನೆಯ ಬಾವಿ ಹೊಳೆಗೆ ಹತ್ತಿರ, ಆದರೆ ಎತ್ತರದ ದಿಣ್ಣೆಯಲ್ಲಿ, ರಾಟೆ ಹಗ್ಗದ ಬಾವಿ. ಕಡು ಬೇಸಗೆಯಲ್ಲೂ ನೀರು ಸಮುದ್ರ ಮಟ್ಟಕ್ಕಿಂತ ಒಂದು ಮೊಳ ಮೇಲೆ. ಆ ಅಮ್ಮನ ಬಾವಿ ತಗ್ಗಿನಲ್ಲಿ, ಪಂಪು ಕೂತಿದೆ. ಟ್ಯಾಂಕ್ ತುಂಬುವ ಹೊತ್ತಿಗೆ ನೀರು ಸಮುದ್ರ ಮಟ್ಟಕ್ಕಿಂತ ಕೆಳಗೆ ಇಳಿದಿರುತ್ತಿತ್ತು. ಶೀರ್ಷಿಕೆಯನ್ನೇ ಬದಲಿಸಿದೆ.

ಉತ್ತರದ ಪತ್ರಕ್ಕೆ ಪೇಪರಿಗಿಂತ ಹೆಚ್ಚು ಹೊತ್ತು ಹೋಯಿತು. ಅವರ ಒಂದೊಂದು ಟಿಪ್ಪಣಿಯನ್ನೂ ಹಾಗೆಯೇ ನಕಲು ಮಾಡಿ, ಕೆಳಗೆ ನನ್ನ ಉತ್ತರ, ಬದಲಾದ ಸಾಲಿನ ನಂಬರ್. ನೀರಿನ ಮೂಲ ಪತ್ತೆಹಚ್ಚುವ ಐಸೋಟೋಪ್ ವಿಶ್ಲೇಷಣೆಯನ್ನೂ ಕೇಳಿದ್ದರು. ಅದು ನನ್ನ ಕೈಲಿ ಆಗುವಂಥದ್ದಲ್ಲ. ಆಗುವುದಿಲ್ಲ ಎಂದೇ ಬರೆದು, ‘ಸಮುದ್ರದ ನೀರು ಎಂದು ಸಾಬೀತಾಗಿದೆ’ ಎಂದಿದ್ದನ್ನು ‘ಸೂಚಿಸುತ್ತದೆ’ ಎಂದು ಇಳಿಸಿದೆ. ಒಪ್ಪಿದರು.

ಅಚ್ಚಿನ ಪ್ರೂಫ್ 48 ಗಂಟೆಯಲ್ಲಿ ತಿದ್ದಿ ಕಳಿಸಬೇಕಿತ್ತು, ಊರಿನ ಹೆಸರಿನಲ್ಲಿ ಒಂದಕ್ಷರ ಬಿಟ್ಟದ್ದು ಬಿಟ್ಟರೆ ಬೇರೆ ತಪ್ಪಿರಲಿಲ್ಲ. ಪ್ರಕಟವಾದ ಮೇಲೆ 24 ಮನೆಗೂ ಅವರವರ ಬಾವಿಯ ಅಂಕಿಗಳನ್ನು ಒಂದೊಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಟ್ಟೆ. ಆ ಅಮ್ಮನಿಗೆ ಕೂತು ವಿವರಿಸಿದೆ. ಬೇಸಗೆಯಲ್ಲಿ ಪಂಪನ್ನು ಒಂದೇ ಸಮ ಎರಡು ಗಂಟೆ ಬಿಡಬೇಡಿ, ಕಾಲು ಗಂಟೆ ಬಿಟ್ಟು ನಿಲ್ಲಿಸಿ, ನೀರು ಏರಿದ ಮೇಲೆ ಪುನಃ ಬಿಡಿ ಎಂದೆ. ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು.

“ಇದನ್ನು ನನ್ನ ಮಗನಿಗೆ ಹೇಳಿ ಟೀಚರೇ. ಸ್ವಿಚ್ ಹಾಕಿ ಮಲಗುವುದು ಅವನು.”