ಹಳೇ ಕಟ್ಟಡ ಬೀಳುವ ಮುನ್ನ ನಿಯಮ ಜಾರಿಗೆ ತರುವುದು ಹೇಗೆ?

ಹಂಚಿನ ಮಾಡು ಬೆಳಿಗ್ಗೆ ಇಳಿದರೆ ಸಂಜೆಯೊಳಗೆ ಗೋಡೆಯೂ ಹೋಗಿರುತ್ತದೆ. ಆಮೇಲೆ ಎಷ್ಟು ದೂರು ಕೊಟ್ಟರೂ ಕಟ್ಟಡ ವಾಪಸ್ ಬರುವುದಿಲ್ಲ. ಮಂಗಳೂರಿನ ಬಂದರು, ಉಡುಪಿಯ ರಥಬೀದಿಯಂಥ ಕಡೆ ಹಳೇ ಕಟ್ಟಡ ಉಳಿಸಬೇಕೆನ್ನುವವರು ಕಾಗದಪತ್ರ ಮೊದಲೇ ಸಿದ್ಧ ಮಾಡಿಕೊಂಡಿರಬೇಕು.

ಮೊದಲು, ಆ ಕಟ್ಟಡಕ್ಕೆ ಯಾವ ಕಾನೂನು ಅನ್ವಯಿಸುತ್ತದೆ ನೋಡಿ. ಹಳೆಯದು ಎಂದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ನಮ್ಮ ಊರಿನ ಹಂಚಿನ ಮನೆಗಳಲ್ಲಿ ಬಹುಪಾಲು ಯಾವ ಪಟ್ಟಿಯಲ್ಲೂ ಇಲ್ಲ, ಇದು ಬೇಸರದ ಸಂಗತಿ. ಮಂಗಳೂರು ಬೋಳೂರಿನ ಸುಲ್ತಾನ್ ಬತ್ತೇರಿ (ಟಿಪ್ಪು ಕಾಲದ ಕಾವಲು ಗೋಪುರ), ಕಾರ್ಕಳದ ಗೊಮ್ಮಟ ಬೆಟ್ಟದಂಥವು ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿವೆ. ಅವುಗಳಿಗೆ 1958ರ ಕಾಯ್ದೆ ಇದೆ. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಮೀರಿದವರಿಗೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದೂರ ಅಳೆಯುವಾಗ ಜಾಗ್ರತೆ. ಸ್ಮಾರಕದ ನಡುವಿನಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ ಅಳೆಯಬೇಕು. ಇದೊಂದು ತಪ್ಪಿದರೆ ಇಡೀ ದೂರು ಬಿದ್ದುಹೋಗಬಹುದು. ರಾಜ್ಯದ ಸಂರಕ್ಷಿತ ಸ್ಮಾರಕಗಳಿಗೆ 1961ರ ಬೇರೆ ಕಾಯ್ದೆ ಇದೆ.

ಈ ಎರಡರಲ್ಲೂ ಸೇರದ ಕಟ್ಟಡವಾದರೂ ಕೈಚೆಲ್ಲಬೇಡಿ. ಹಳೆಯದನ್ನು ಕೆಡವಿ ಆ ಜಾಗದಲ್ಲಿ ಹೊಸದಾಗಿ ಕಟ್ಟಲು ಪಾಲಿಕೆಯ ಅಥವಾ ನಗರಸಭೆಯ ಪರವಾನಗಿ ಬೇಕೇ ಬೇಕು. ಮಂಗಳೂರಿನಲ್ಲಾದರೆ 1976ರ ಪೌರನಿಗಮಗಳ ಕಾಯ್ದೆಯ 321ನೇ ಕಲಂ ಅಡಿ, ಅಕ್ರಮವಾಗಿ ಕಟ್ಟಿದ್ದನ್ನು ಕೆಡವಲು ಆಯುಕ್ತರು ಆದೇಶಿಸಬಹುದು.

ಈಗ ದಾಖಲೆ. ಬೀದಿಯಿಂದ ಕಾಣುವ ಮುಖ, ಜಗಲಿ, ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಒಳಗೆ ಹೋಗಲು ಬಿಟ್ಟರೆ ಮುಚ್ಚಿಗೆ (ಮರದ ಒಳಚಾವಣಿ), ಹಂಚು ಹೊರುವ ಮರದ ಪಕ್ಕಾಸು, ರೀಪು, ಎಲ್ಲದರ ಫೋಟೊ ತೆಗೆಯಿರಿ. ಬಾಗಿಲ ನಂಬರ್ ಕಾಣಲಿ, ತಾರೀಕು ಇರಲಿ. ಹಂಚು ಇಳಿಸಿಟ್ಟಿದ್ದರೆ ಅದರ ಮೇಲಿನ ಮುದ್ರೆಯನ್ನೂ ನೋಡಿ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಮುದ್ರೆಯಲ್ಲಿ ಕಾರ್ಖಾನೆಯ ಹೆಸರಿದ್ದರೆ ಮಾಡಿನ ಕಾಲ ಅಂದಾಜು ಮಾಡಲು ಅದೇ ಒಳ್ಳೆಯ ಆಧಾರ.

ದೂರು ಬರೆಯುವ ಮುಂಚೆ ಒಮ್ಮೆ ಮನೆಯವರ ಹತ್ತಿರ ಮಾತಾಡಿ. ಪ್ರತಿ ಮಳೆಗಾಲ ಸೋರುವ ಮಾಡನ್ನು ರಿಪೇರಿ ಮಾಡಿಸಿ ಸೋತವರು ಅವರು. ಅವರನ್ನು ಶತ್ರುಗಳ ಹಾಗೆ ಕಾಣುವುದು ಸರಿಯಲ್ಲ. ಎಷ್ಟೋ ಜನರಿಗೆ ರಿಪೇರಿಗೆ ದಾರಿ ಇದೆ ಅನ್ನುವುದೇ ಗೊತ್ತಿರುವುದಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡವಾದರೆ, ನಿಷೇಧಿತ 100 ಮೀಟರ್ ಒಳಗೂ ಅನುಮತಿ ಪಡೆದು ದುರಸ್ತಿ ಮಾಡಿಸಬಹುದು. ಮುರಕಲ್ಲಿಗೆ ಸಿಮೆಂಟ್ ಮೆತ್ತಬೇಡಿ, ಸುಣ್ಣದ ಗಾರೆ ಮಾಡಿಸಿ ಎಂದೂ ಹೇಳಿ. ಸಿಮೆಂಟ್ ಹಾಕಿದರೆ ಕಲ್ಲಿನೊಳಗಿನ ತೇವ ಹೊರಬರಲಾರದೆ ಗೋಡೆ ಹಾಳಾಗುತ್ತದೆ.

ಮಾತಿಗೆ ಬಗ್ಗದಿದ್ದರೆ ಲಿಖಿತ ದೂರು. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಕೇಂದ್ರ ಸ್ಮಾರಕದ ಹತ್ತಿರವಾದರೆ ಪುರಾತತ್ವ ಇಲಾಖೆಯ ಬೆಂಗಳೂರು ವಲಯ ಕಚೇರಿಗೆ, ಉಳಿದಂತೆ ಪಾಲಿಕೆ ಆಯುಕ್ತರಿಗೆ ಅಥವಾ ನಗರಸಭೆ ಪೌರಾಯುಕ್ತರಿಗೆ ಬರೆಯಿರಿ. ದೂರಿನ ಒಂದು ಪ್ರತಿ ಜಿಲ್ಲಾಧಿಕಾರಿಗೂ ಹೋಗಲಿ. ಸ್ಥಳ ಪರಿಶೀಲಿಸಿ, ಪರವಾನಗಿ ಇದೆಯೇ ನೋಡಿ, ಇಲ್ಲದಿದ್ದರೆ ಕೆಲಸ ನಿಲ್ಲಿಸಲು ನೋಟಿಸ್ ಕೊಡಿ ಎಂದಷ್ಟೇ ಕೇಳಿ. ಪರಂಪರೆಯ ಬಗ್ಗೆ ಉದ್ದ ಭಾಷಣ ಬೇಡ. ಇನ್‌ವರ್ಡ್ (ಸ್ವೀಕೃತಿ) ನಂಬರ್ ಮತ್ತು ಸೀಲ್ ಹಾಕಿದ ಪ್ರತಿ ಕೈಗೆ ಬರುವವರೆಗೆ ಕಚೇರಿಯಿಂದ ಹೊರಡಬೇಡಿ.

ಜೊತೆಗೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಪರವಾನಗಿ ಮತ್ತು ಮಂಜೂರಾದ ನಕ್ಷೆಯ ಪ್ರತಿ ಕೇಳಿ. ಉತ್ತರಕ್ಕೆ 30 ದಿನ ಇರುವುದರಿಂದ ಇದು ದೂರಿನ ಬದಲಿಗೆ ಅಲ್ಲ. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ. ಆಡಳಿತ ಏನೂ ಮಾಡದಿದ್ದರೆ ಹೈಕೋರ್ಟಿಗೆ ಹೋಗಬಹುದು. ಅಲ್ಲಿ ನೆರವಾಗುವುದು ಸೀಲ್ ಹಾಕಿದ ಈ ಪ್ರತಿಗಳೇ.

ಪಟ್ಟಿಯಲ್ಲಿ ಇಲ್ಲದ ಕಟ್ಟಡಗಳಿಗೆ ಇನ್ನೊಂದು ಕೆಲಸ ಬಾಕಿ ಇದೆ. ಪಾರಂಪರಿಕ ಕಟ್ಟಡ, ಪಾರಂಪರಿಕ ಪ್ರದೇಶ ಎಂದು ಘೋಷಿಸುವ ಅವಕಾಶ ರಾಜ್ಯದ ನಗರ ಯೋಜನಾ ಕಾಯ್ದೆಯಲ್ಲೇ ಇದೆ. ಮುಡಾ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ) ಅಥವಾ ಉಡುಪಿಯ ಪ್ರಾಧಿಕಾರ ಮಾಸ್ಟರ್ ಪ್ಲಾನ್ ಕರಡಿಗೆ ಆಕ್ಷೇಪಣೆ ಕರೆದಾಗ, ಬೀದಿಯ ಹೆಸರು, ಸರ್ವೆ ನಂಬರ್, ನೀವು ತೆಗೆದ ಫೋಟೊ ಸೇರಿಸಿ ಅರ್ಜಿ ಕೊಡಿ. ಒಬ್ಬರೇ ಕೊಡುವ ಬದಲು ಬೀದಿಯವರೆಲ್ಲ ಸಹಿ ಹಾಕಿ, ಮುಖ್ಯವಾಗಿ ಆ ಕಟ್ಟಡದ ಮಾಲೀಕರೂ.