ಬೇ ಏರಿಯಾದಲ್ಲಿ ಆಂಟೆನಾದಿಂದ ಎಚ್‌ಡಿ ಟಿವಿ: ಹೊಸದಾಗಿ ಬಂದ ಕನ್ನಡಿಗರಿಗೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಸನ್ನಿವೇಲ್, ಸಾಂಟಾ ಕ್ಲಾರಾ, ಫ್ರೀಮಾಂಟ್ ಮುಂತಾದ ಊರುಗಳಿಗೆ ಹೊಸದಾಗಿ ಬರುವ ನಮ್ಮವರಲ್ಲಿ ಹಲವರು ಇಂಟರ್ನೆಟ್ ಹಾಕಿಸುವಾಗಲೇ ಕೇಬಲ್ ಟಿವಿಯನ್ನೂ ತೆಗೆದುಕೊಳ್ಳುತ್ತಾರೆ. ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್ ಮತ್ತು ಪಿಬಿಎಸ್ ಜಾಲಗಳ ಸ್ಥಳೀಯ ಕೇಂದ್ರಗಳು ಇಲ್ಲಿ ಎಚ್‌ಡಿ ಗುಣಮಟ್ಟದಲ್ಲಿ, ಯಾವ ಚಂದಾ ಹಣವೂ ಇಲ್ಲದೆ ಗಾಳಿಯಲ್ಲೇ ಬರುತ್ತವೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಊರಿನಲ್ಲಿ ದೂರದರ್ಶನದ ಕಾಲಕ್ಕೇ ಮುಗಿದುಹೋಯಿತೆಂದು ನಾವು ಭಾವಿಸಿರುವ ಆಂಟೆನಾ ಈ ದೇಶದಲ್ಲಿ ಇಂದಿಗೂ ಪೂರ್ಣ ಬಳಕೆಯಲ್ಲಿದೆ. ದೊಡ್ಡ ಕೇಂದ್ರಗಳೆಲ್ಲ 2009ರ ಜೂನ್ 12ರೊಳಗೆ ಹಳೆಯ ಅನಲಾಗ್ ಪ್ರಸಾರವನ್ನು ನಿಲ್ಲಿಸಿ ಸಂಪೂರ್ಣ ಡಿಜಿಟಲ್ ಆದ ಮೇಲೆ, ಆಂಟೆನಾದಲ್ಲಿ ಬರುವ ಚಿತ್ರ ಅನೇಕ ವೇಳೆ ಕೇಬಲ್‌ನಲ್ಲಿ ಬರುವುದಕ್ಕಿಂತಲೂ ಸ್ಪಷ್ಟವಾಗಿರುತ್ತದೆ. ಏಕೆಂದರೆ ಕೇಬಲ್ ಕಂಪನಿಗಳು ಚಿತ್ರವನ್ನು ಮತ್ತಷ್ಟು ಕುಗ್ಗಿಸಿ ಕಳುಹಿಸುವುದುಂಟು.

ಇದರಲ್ಲಿ ಸಿಗದಿರುವುದನ್ನೂ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಊರಿನ ಕನ್ನಡ ಚಾನೆಲ್‌ಗಳು ಆಂಟೆನಾದಲ್ಲಿ ಬರುವುದಿಲ್ಲ. ಅವುಗಳಿಗೆ ಇಂಟರ್ನೆಟ್ ಬೇಕೇ ಬೇಕು. ಆದರೆ ಸ್ಥಳೀಯ ವಾರ್ತೆ, ಹವಾಮಾನ, ಚುನಾವಣೆ, ಅಮೆರಿಕನ್ ಫುಟ್‌ಬಾಲ್, ಒಲಿಂಪಿಕ್ಸ್ ಮತ್ತು ಪಿಬಿಎಸ್‌ನ ಮಕ್ಕಳ ಕಾರ್ಯಕ್ರಮಗಳು ಬರುತ್ತವೆ. ಭೂಕಂಪವಾದಾಗ ಅಥವಾ ಕಾಡ್ಗಿಚ್ಚು ಹತ್ತಿದಾಗ ಇಂಟರ್ನೆಟ್ ಕೈಕೊಟ್ಟರೂ ಈ ವಾರ್ತೆ ಮನೆಗೆ ತಲುಪಬಲ್ಲದು. ಮಕ್ಕಳಿರುವ ಮನೆಗಳಿಗೂ, ಊರಿನಿಂದ ತಂದೆತಾಯಿ ಬಂದು ಇರುವ ಮನೆಗಳಿಗೂ ಇದು ಅಗತ್ಯವೆಂದೇ ನಾನು ಹೇಳುತ್ತೇನೆ.

ಕೊಳ್ಳುವ ಮುನ್ನ ಸಿಗ್ನಲ್ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ನಮ್ಮ ಪ್ರದೇಶದ ಮುಖ್ಯ ಕೇಂದ್ರಗಳಲ್ಲಿ ಹೆಚ್ಚಿನವು ಸ್ಯಾನ್ ಫ್ರಾನ್ಸಿಸ್ಕೋ ನಗರದ ಗುಡ್ಡದ ಮೇಲಿರುವ, 977 ಅಡಿ ಎತ್ತರದ ಸೂಟ್ರೊ ಟವರ್‌ನಿಂದ ಪ್ರಸಾರವಾಗುತ್ತವೆ. ಎನ್‌ಬಿಸಿಯ ಕೇಂದ್ರವಾದ ಕೆಎನ್‌ಟಿವಿ ಮಾತ್ರ ನಗರದ ದಕ್ಷಿಣಕ್ಕಿರುವ ಸ್ಯಾನ್ ಬ್ರೂನೊ ಬೆಟ್ಟದಿಂದ ಬರುತ್ತದೆ. ಸನ್ನಿವೇಲ್‌ನಿಂದ ನೋಡಿದರೆ ಎರಡೂ ವಾಯವ್ಯ ದಿಕ್ಕಿನಲ್ಲೇ ಇರುವುದರಿಂದ ಆಂಟೆನಾವನ್ನು ಒಂದೇ ಕಡೆಗೆ ತಿರುಗಿಸಿಟ್ಟರೆ ಸಾಕಾಗುತ್ತದೆ. ಸೂಟ್ರೊ ಟವರ್ ಅಲ್ಲಿಂದ ಸುಮಾರು 35 ಮೈಲಿ ದೂರದಲ್ಲಿದೆ; ಫ್ರೀಮಾಂಟ್‌ನಿಂದ ಸುಮಾರು 29 ಮೈಲಿ, ದಿಕ್ಕು ಪಶ್ಚಿಮಕ್ಕೆ ಇನ್ನಷ್ಟು ವಾಲಿರುತ್ತದೆ. ಡಬ್ಲಿನ್, ಪ್ಲೆಸಂಟನ್, ಸ್ಯಾನ್ ರಮೋನ್ ಕಡೆಯವರಿಗೆ ಮಾತ್ರ ಈಸ್ಟ್ ಬೇ ಗುಡ್ಡಗಳು ಅಡ್ಡವಾಗುತ್ತವೆ. ಅಲ್ಲಿ ಕೋಣೆಯೊಳಗಿನ ಆಂಟೆನಾಕ್ಕೆ ಹಣ ಹಾಕುವ ಮೊದಲು ಎರಡು ಬಾರಿ ಯೋಚಿಸಬೇಕು. ಕೇಂದ್ರ ಸರ್ಕಾರದ ಸಂಪರ್ಕ ಆಯೋಗವಾದ ಎಫ್‌ಸಿಸಿಯ ಡಿಟಿವಿ ನಕ್ಷೆಯಲ್ಲಿ ನಿಮ್ಮ ವಿಳಾಸವನ್ನು ಕೊಟ್ಟರೆ ಯಾವ ಕೇಂದ್ರ ಎಷ್ಟು ಬಲವಾಗಿ, ಯಾವ ದಿಕ್ಕಿನಿಂದ ಸಿಗಬಹುದೆಂಬ ಅಂದಾಜು ದೊರೆಯುತ್ತದೆ. ರ‍್ಯಾಬಿಟ್‌ಇಯರ್ಸ್ ಎಂಬ ತಾಣ ಇನ್ನೂ ವಿವರವಾಗಿ ತಿಳಿಸುತ್ತದೆ.

ಹೊಸಬರು ಹೆಚ್ಚಾಗಿ ಎಡವುವುದು ಆಂಟೆನಾದ ಆಯ್ಕೆಯಲ್ಲಿ. ಟಿವಿಯಲ್ಲಿ ಕಾಣುವ ಚಾನೆಲ್ ಸಂಖ್ಯೆಯೇ ಬೇರೆ, ಆ ಕೇಂದ್ರ ನಿಜವಾಗಿ ಪ್ರಸಾರ ಮಾಡುವ ತರಂಗದ ಸಂಖ್ಯೆಯೇ ಬೇರೆ. ಉದಾಹರಣೆಗೆ ಫಾಕ್ಸ್‌ನ ಕೆಟಿವಿಯು ಟಿವಿಯಲ್ಲಿ 2 ಎಂದು ಕಂಡರೂ ಪ್ರಸಾರವಾಗುವುದು 31ನೇ ತರಂಗದಲ್ಲಿ. 14ರಿಂದ 36ರವರೆಗಿನವು ಯುಎಚ್‌ಎಫ್ ಎಂಬ ಹೆಚ್ಚು ಆವರ್ತನದ ಗುಂಪು. ಸಿಬಿಎಸ್‌ನ ಕೆಪಿಐಎಕ್ಸ್ ಮತ್ತು ಪಿಬಿಎಸ್‌ನ ಕೆಕ್ಯುಇಡಿ ಕೂಡ ಈ ಗುಂಪಿಗೇ ಸೇರಿವೆ. ಆದರೆ ಇನ್ನೊಂದು ಸ್ಥಳೀಯ ಕೇಂದ್ರವಾದ ಕೆಆರ್‌ಒಎನ್ 7ರಲ್ಲಿಯೂ, ಎಬಿಸಿಯ ಕೆಜಿಒ 12ರಲ್ಲಿಯೂ, ಎನ್‌ಬಿಸಿಯ ಕೆಎನ್‌ಟಿವಿ 13ರಲ್ಲಿಯೂ ಪ್ರಸಾರವಾಗುತ್ತವೆ. ಈ ಮೂರೂ ವಿಎಚ್‌ಎಫ್ ಎಂಬ, ಅದಕ್ಕಿಂತ ಕಡಿಮೆ ಆವರ್ತನದ ಗುಂಪಿನವು. ವಿಎಚ್‌ಎಫ್‌ನ ಅಲೆ ಉದ್ದವಾದದ್ದು. 12ನೇ ತರಂಗದ ಅಲೆಯ ಅರ್ಧ ಉದ್ದವೇ ಸುಮಾರು 28 ಇಂಚು. ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ, ಗೋಡೆಗೆ ಅಂಟಿಸುವ ಕಾಗದದಷ್ಟು ತೆಳುವಾದ ಚಪ್ಪಟೆ ಆಂಟೆನಾಗಳು ಅಷ್ಟು ಉದ್ದದ ಅಲೆಯನ್ನು ಸರಿಯಾಗಿ ಹಿಡಿಯಲಾರವು. ಆದ್ದರಿಂದಲೇ ಫಾಕ್ಸ್, ಪಿಬಿಎಸ್ ಚೆನ್ನಾಗಿ ಬಂದು ಎಬಿಸಿ, ಎನ್‌ಬಿಸಿ ಮಾತ್ರ ಬಾರದಿರುವ ದೂರು ನಮ್ಮವರಲ್ಲಿ ಪದೇ ಪದೇ ಕೇಳಿಬರುತ್ತದೆ. ಕೋಣೆಯೊಳಗೇ ಇಡುವುದಾದರೆ, ಎಳೆದು ಉದ್ದ ಮಾಡಬಹುದಾದ ಎರಡು ಕಡ್ಡಿಗಳೂ ಯುಎಚ್‌ಎಫ್‌ಗೆ ಒಂದು ಬಳೆಯೂ ಇರುವ ಸಾದಾ ಆಂಟೆನಾವನ್ನು ಕೊಂಡು, ಒಂದೊಂದು ಕಡ್ಡಿಯನ್ನೂ ಸುಮಾರು 15 ಇಂಚಿನಷ್ಟು ಎಳೆದು ಇಡಿ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವ ನೂರಾರು ಮೈಲಿಗಳ ಭರವಸೆಯನ್ನು ನಂಬಬೇಡಿ. ಭೂಮಿಯ ಬಾಗು ಮತ್ತು ಗುಡ್ಡಗಳ ಅಡ್ಡಿಯಿಂದಾಗಿ 70 ಮೈಲಿಯ ಆಚೆಗಿನ ಸಿಗ್ನಲ್ ಸಾಮಾನ್ಯವಾಗಿ ಮನೆಯ ಆಂಟೆನಾಕ್ಕೆ ದಕ್ಕುವುದಿಲ್ಲ.

ಆಂಟೆನಾ ಸರಿಯಿದ್ದರೂ ಜಾಗ ತಪ್ಪಾದರೆ ಪ್ರಯೋಜನವಿಲ್ಲ. ಇಲ್ಲಿನ ಅನೇಕ ಮನೆಗಳ ಹೊರಗೋಡೆಯ ಗಾರೆಯೊಳಗೆ ತಂತಿಯ ಜಾಲರಿ ಇರುತ್ತದೆ, ಹೊಸ ಕಿಟಕಿಗಳ ಗಾಜಿಗೆ ಶಾಖ ತಡೆಯುವ ತೆಳು ಲೋಹದ ಲೇಪವಿರುತ್ತದೆ. ಎರಡೂ ಸಿಗ್ನಲ್ಲನ್ನು ತಡೆಯುತ್ತವೆ. ವಾಯವ್ಯಕ್ಕೆ ಮುಖವಿರುವ ಬಾಲ್ಕನಿ ಇದ್ದರೆ ಅದೇ ಉತ್ತಮ ಜಾಗ. ಡಿಜಿಟಲ್ ಪ್ರಸಾರದಲ್ಲಿ ಹಿಂದಿನಂತೆ ಚುಕ್ಕೆ ಚುಕ್ಕೆಯಾದ ಮಸುಕು ಚಿತ್ರ ಬರುವುದಿಲ್ಲ. ಸಿಗ್ನಲ್ ಒಂದು ಮಟ್ಟಕ್ಕಿಂತ ಇಳಿದರೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇ ಹೋಗುತ್ತದೆ. ಹಾಗಾಗಿ ಟಿವಿಯ ಸೆಟ್ಟಿಂಗ್‌ನಲ್ಲಿ ಸಿಗ್ನಲ್ ಬಲ ತೋರಿಸುವ ಪಟ್ಟಿಯನ್ನು ತೆರೆದಿಟ್ಟುಕೊಂಡು, ಅತ್ಯಂತ ದುರ್ಬಲವಾದ ಚಾನೆಲ್ಲನ್ನೇ ನೋಡುತ್ತಾ ಆಂಟೆನಾವನ್ನು ಸ್ವಲ್ಪ ಸ್ವಲ್ಪವೇ ಸರಿಸಿ. ಅಗ್ಗದ ಎಲ್‌ಇಡಿ ದೀಪಗಳೂ ಚಾರ್ಜರ್‌ಗಳೂ ವಿಎಚ್‌ಎಫ್‌ಗೆ ತೊಂದರೆ ಕೊಡುತ್ತವೆ, ಅವುಗಳಿಂದ ಆಂಟೆನಾವನ್ನು ದೂರವಿಡಿ. ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್ ಉದ್ದದ ಕೇಬಲ್ಲಿನಲ್ಲಿ ಆಗುವ ನಷ್ಟವನ್ನು ತುಂಬುತ್ತದೆಯೇ ಹೊರತು ಆಂಟೆನಾ ಹಿಡಿಯದ ಸಿಗ್ನಲ್ಲನ್ನು ಸೃಷ್ಟಿಸಲಾರದು; ಟವರ್‌ಗೆ ಹತ್ತಿರವಿದ್ದರಂತೂ ಅದರಿಂದಲೇ ಚಿತ್ರ ಕೆಡಬಹುದು.

ಮನೆಯ ಮಾಲೀಕರು ಅಥವಾ ಸೊಸೈಟಿಯವರು ಬಾಲ್ಕನಿಯಲ್ಲಿ ಆಂಟೆನಾ ಇಡಬಾರದೆಂದರೆ ಕೂಡಲೇ ಒಪ್ಪಿಕೊಳ್ಳಬೇಡಿ. ಎಫ್‌ಸಿಸಿ 1996ರಲ್ಲಿ ಜಾರಿಗೆ ತಂದು 1999ರಿಂದ ಬಾಡಿಗೆದಾರರಿಗೂ ಅನ್ವಯಿಸಿದ ನಿಯಮದ ಪ್ರಕಾರ, ನಿಮ್ಮೊಬ್ಬರ ಬಳಕೆಗೇ ಮೀಸಲಾದ ಬಾಲ್ಕನಿ ಅಥವಾ ಅಂಗಳದೊಳಗೆ ಟಿವಿ ಆಂಟೆನಾ ಇಡುವುದನ್ನು ಅವರು ಸಕಾರಣವಿಲ್ಲದೆ ತಡೆಯುವಂತಿಲ್ಲ. ಸುರಕ್ಷತೆಗೂ ಐತಿಹಾಸಿಕ ಕಟ್ಟಡಗಳ ರಕ್ಷಣೆಗೂ ಸಂಬಂಧಿಸಿದ ನಿಯಮಗಳಿಗೆ ವಿನಾಯಿತಿ ಇದೆ. ಆದರೆ ಎಲ್ಲರಿಗೂ ಸೇರಿದ ಛಾವಣಿ, ಹೊರಗೋಡೆಗಳ ಮೇಲೆ ಈ ಹಕ್ಕು ಇಲ್ಲ. ಬಾಲ್ಕನಿಯ ಕಟಕಟೆಯಿಂದ ಆಚೆಗೆ ಚಾಚಿಕೊಳ್ಳದಂತೆ, ಗೋಡೆ ಕೊರೆಯದಂತೆ ಇಟ್ಟುಕೊಳ್ಳಿ. ಸ್ವಂತ ಮನೆಯ ಛಾವಣಿಯ ಮೇಲೆ ಹಾಕುವವರು ವಿದ್ಯುತ್ ತಂತಿಗಳಿಂದ ದೂರವಿರಬೇಕು ಮತ್ತು ಕಂಬಕ್ಕೂ ಕೇಬಲ್ಲಿಗೂ ಅರ್ಥಿಂಗ್ ಮಾಡಿಸಲೇಬೇಕು.

ಜೋಡಣೆ ಸುಲಭ: ಆಂಟೆನಾದಿಂದ ಆರ್‌ಜಿ-6 ಕೇಬಲ್ಲನ್ನು ಟಿವಿಯ ಹಿಂದಿನ ಆಂಟೆನಾ ಕಿಂಡಿಗೆ ತಿರುಪಿ, ಮೆನುವಿನಲ್ಲಿ ಕೇಬಲ್ ಬದಲು ಏರ್ ಅಥವಾ ಆಂಟೆನಾ ಎಂಬುದನ್ನು ಆರಿಸಿ ಸ್ಕ್ಯಾನ್ ಮಾಡಿ. ಕಂಪ್ಯೂಟರ್ ಮಾನಿಟರ್‌ನಲ್ಲಿ ಪ್ರಸಾರವನ್ನು ಹಿಡಿದು ಚಿತ್ರವಾಗಿಸುವ ಟ್ಯೂನರ್ ಇರುವುದಿಲ್ಲ, ಅದಕ್ಕೆ ಪ್ರತ್ಯೇಕ ಪೆಟ್ಟಿಗೆ ಬೇಕು. ಕೇಂದ್ರಗಳು ಆಗಾಗ ತರಂಗ ಬದಲಿಸುವುದರಿಂದ, ಇದ್ದ ಚಾನೆಲ್ ಒಮ್ಮೆಲೇ ಕಾಣೆಯಾದರೆ ಆಂಟೆನಾವನ್ನು ಮುಟ್ಟುವ ಮೊದಲು ಮತ್ತೆ ಸ್ಕ್ಯಾನ್ ಮಾಡಿ ನೋಡಿ. ನೆಕ್ಸ್ಟ್‌ಜೆನ್ ಟಿವಿ ಎಂಬ ಹೊಸ ಪ್ರಸಾರಕ್ಕೆ ಹೊಸ ಟ್ಯೂನರ್ ಬೇಕಾಗುತ್ತದೆ, ಆದರೆ ಅದೂ ಇದೇ ತರಂಗಗಳಲ್ಲಿ ಬರುವುದರಿಂದ ಇಂದು ನೀವು ಕೊಳ್ಳುವ ಆಂಟೆನಾವೇ ಅದಕ್ಕೂ ಸಾಕು.