ಹಿನ್ನೀರಿನ ಅಡಿಯ ಊರನ್ನು ಉಪಗ್ರಹ ಚಿತ್ರಗಳಲ್ಲಿ ಹುಡುಕಿದ ಬಗೆ

ನನ್ನ ತಾಯಿಯ ತವರು ಶರಾವತಿಯ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಹಿನ್ನೀರು ನಿಂತಾಗ ಆ ಊರು ಮುಳುಗಡೆಯಾಯಿತು. ಗದ್ದೆ, ಅಡಿಕೆ ತೋಟ, ಕಾನಿನೊಳಗಿನ ಕಾಲುದಾರಿ ಎಲ್ಲವೂ ನೀರಿನ ಅಡಿಗೆ ಹೋದವು. ಆ ಮನೆಯ ಒಂದು ಫೋಟೋ ಕೂಡ ನಮ್ಮಲ್ಲಿ ಉಳಿದಿಲ್ಲ. ಉಪಗ್ರಹ ಚಿತ್ರಗಳನ್ನು ನೋಡುವ ಅಭ್ಯಾಸ ನನಗೆ ಹತ್ತಿದ್ದು ಈ ಕಾರಣದಿಂದ. 2005ರಲ್ಲಿ ಗೂಗಲ್ ಅರ್ಥ್ ಬಂದ ಹೊಸತರಲ್ಲಿ ಎಲ್ಲರಂತೆ ನಾನೂ ಪಿರಮಿಡ್ಡುಗಳನ್ನು, ಹಿಮಾಲಯದ ಶಿಖರಗಳನ್ನು, ದುಬೈಯ ಕಡಲಲ್ಲಿ ತಾಳೆಮರದ ಆಕಾರದಲ್ಲಿ ಕಟ್ಟಿದ ದ್ವೀಪವನ್ನು ನೋಡಿ ಬಂದೆ. ಒಂದು ವಾರದಲ್ಲಿ ಅದು ಸಾಕಾಯಿತು. ಅಮ್ಮನ ಊರು ಈ ನೀರಿನಡಿಯಲ್ಲಿ ಎಲ್ಲಿದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಮತ್ತೆ ಕುಳಿತಾಗ ಮಾತ್ರ ಈ ಚಿತ್ರಗಳನ್ನು ನೋಡುವುದಷ್ಟೇ ಅಲ್ಲ, ಓದುವುದನ್ನೂ ಕಲಿಯಬೇಕೆಂದು ತಿಳಿಯಿತು.

ಮೊದಲ ಪಾಠ ಒಂದು ತಪ್ಪಿನಿಂದ ಬಂತು. ಹಿನ್ನೀರನ್ನು ಹಿಗ್ಗಿಸಿ ನೋಡುತ್ತಿದ್ದಾಗ ಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರವಾದ ಒಂದು ಅಂಚು ಕಂಡಿತು. ಅದರ ಒಂದು ಬದಿಯಲ್ಲಿ ಕಡು ಹಸಿರು ನೀರು, ಇನ್ನೊಂದು ಬದಿಯಲ್ಲಿ ಕೆಂಪು ಮಣ್ಣಿನ ದಿಬ್ಬಗಳು. ಇದು ಹಿರೇಭಾಸ್ಕರ ಅಣೆಕಟ್ಟೇ ಇರಬೇಕೆಂದು ತೀರ್ಮಾನಿಸಿ ಅಮ್ಮನನ್ನು ಕರೆದು ತೋರಿಸಿಯೂ ಬಿಟ್ಟೆ. ನಮ್ಮ ಕಡೆ ಮಡೆನೂರು ಡ್ಯಾಂ ಎಂದು ಕರೆಯುವ ಅದನ್ನು ಲಿಂಗನಮಕ್ಕಿಗಿಂತ ಮೊದಲು, 1940ರ ದಶಕದಲ್ಲಿ, ಜೋಗದ ವಿದ್ಯುದಾಗಾರಕ್ಕೆ ನೀರು ಒದಗಿಸಲು ಕಟ್ಟಲಾಗಿತ್ತು. ಈಗ ಅದೂ ದೊಡ್ಡ ಹಿನ್ನೀರಿನೊಳಗೆ ಮುಳುಗಿದ್ದು, ಕಡು ಬೇಸಿಗೆಯಲ್ಲಿ ಮಾತ್ರ ತಲೆ ಎತ್ತುತ್ತದೆ. ಕೆಲವು ದಿನಗಳ ನಂತರ ಅದೇ ಅಂಚನ್ನು ಹಿಡಿದು ಮುಂದೆ ಸಾಗಿದಾಗ ಅದು ನೀರು ಮುಗಿದ ಮೇಲೂ ನಿಲ್ಲದೆ ಗುಡ್ಡ ಹತ್ತಿ, ಕಾಡು ದಾಟಿ ಹೋಗಿತ್ತು. ಅದು ಅಣೆಕಟ್ಟಲ್ಲ, ಬೇರೆ ಬೇರೆ ತಿಂಗಳುಗಳಲ್ಲಿ ತೆಗೆದ ಎರಡು ಚಿತ್ರಗಳನ್ನು ಕೂಡಿಸಿದ ಹೊಲಿಗೆ. ಒಂದು ಚಿತ್ರದಲ್ಲಿ ಹಿನ್ನೀರು ತುಂಬಿತ್ತು, ಇನ್ನೊಂದರಲ್ಲಿ ಬತ್ತಿತ್ತು. ಇಡೀ ಭೂಮಿಯನ್ನು ಮೋಡವಿಲ್ಲದೆ ತೋರಿಸಬೇಕಾದರೆ ಹೀಗೆ ತುಂಡುಗಳನ್ನು ಜೋಡಿಸದೆ ಬೇರೆ ದಾರಿಯಿಲ್ಲ. ಅಂದಿನಿಂದ ಯಾವ ಸ್ಥಳವನ್ನು ತೆರೆದರೂ ಮೊದಲು ಪರದೆಯ ಕೆಳಗೆ ಬರೆದಿರುವ ತಾರೀಖನ್ನು ಓದುತ್ತೇನೆ. ಗೂಗಲ್ ಅರ್ಥ್ ಪ್ರೊದಲ್ಲಿ ಗಡಿಯಾರದ ಗುರುತನ್ನು ಒತ್ತಿದರೆ ಅದೇ ಸ್ಥಳದ ಹಳೆಯ ಚಿತ್ರಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಅಣೆಕಟ್ಟು ಸಿಕ್ಕಿದ್ದು ಹಾಗೆ ಒಂದು ಬೇಸಿಗೆಯ ಚಿತ್ರದಲ್ಲಿ, ನಾನು ಮೊದಲು ತೋರಿಸಿದ್ದಕ್ಕಿಂತ ಬಹು ದೂರದಲ್ಲಿ.

ಈ ಚಿತ್ರಗಳು ಬಹಳ ಸ್ಪಷ್ಟವಾಗಿದ್ದರೂ ನಮಗೆ ಬೇಕಾದ ತಿಂಗಳಿನದೇ ಸಿಗುತ್ತದೆ ಎಂಬ ಖಾತರಿಯಿಲ್ಲ. ಹಿನ್ನೀರಿನ ಕೆಲಸಕ್ಕೆ ಬೇಕಾಗಿದ್ದು ಮೇ ಕೊನೆಯ ಚಿತ್ರ, ಅಂದರೆ ನೀರು ಅತ್ಯಂತ ಕೆಳಗಿಳಿದು ಮುಂಗಾರು ಇನ್ನೂ ಹಿಡಿಯದ ಆ ಹತ್ತು ಹದಿನೈದು ದಿನಗಳದ್ದು. ಇದಕ್ಕೆ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಒದಗಿದವು. ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಹಾರಿದ ಮೇಲೆ ಅವೆರಡೂ ಸೇರಿ ಐದು ದಿನಗಳಿಗೊಮ್ಮೆ ಒಂದೇ ಸ್ಥಳದ ಮೇಲೆ ಹಾದುಹೋಗತೊಡಗಿದವು. ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಆ ಚಿತ್ರಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕಕ್ಕೆ ಸಮ. ಹಾಗಾಗಿ ಮನೆ ಕಾಣುವುದಿಲ್ಲ, ಆದರೆ ಹೊಳೆ, ತೋಟ, ರಸ್ತೆ ಕಾಣುತ್ತವೆ. ನಮ್ಮಲ್ಲಿ ಹಗಲು ನೆಟ್‌ವರ್ಕ್ ಸರಿಯಾಗಿ ಸಿಗದ ಕಾರಣ ನಾನು ಈ ಕೆಲಸವನ್ನು ಬೆಳಗಿನ ಜಾವ ಐದರ ಹೊತ್ತಿಗೆ ಮಾಡುತ್ತೇನೆ.

ಇದೇ ಉಪಗ್ರಹ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ದಾಖಲಿಸುತ್ತದೆ. ಆ ಬೆಳಕನ್ನು ಹಸಿರು ಎಲೆಗಳು ಹೇರಳವಾಗಿ ಹಿಂದಕ್ಕೆ ಚೆಲ್ಲುತ್ತವೆ, ನೀರು ಬಹುಪಾಲು ಹೀರಿಕೊಳ್ಳುತ್ತದೆ. ಹೀಗಾಗಿ ಅವಕೆಂಪನ್ನು ಕೆಂಪು ಬಣ್ಣದಲ್ಲಿ ತೋರಿಸುವ ಚಿತ್ರದಲ್ಲಿ ಕಾಡು ರಕ್ತದಷ್ಟು ಕೆಂಪಾಗಿಯೂ ನೀರು ಕಪ್ಪಾಗಿಯೂ ಕಾಣುತ್ತದೆ. ಸಾಮಾನ್ಯ ಬಣ್ಣದ ಚಿತ್ರದಲ್ಲಿ ಒದ್ದೆ ಮಣ್ಣು ಯಾವುದು, ತೆಳುವಾದ ಕೆಸರುನೀರು ಯಾವುದು ಎಂದು ಹೇಳಲಾಗದ ಕಡೆಯಲ್ಲಿ ಈ ಕಪ್ಪು ಬಣ್ಣ ತಕರಾರಿಲ್ಲದೆ ಗಡಿ ಹಾಕಿಕೊಡುತ್ತದೆ. ಮೇ ತಿಂಗಳ ಅಂತಹ ಚಿತ್ರದಲ್ಲೇ ನಾನು ಮೊದಲ ಬಾರಿಗೆ ಹಿನ್ನೀರಿನ ಹರವಿನ ಮೇಲ್ಭಾಗದಲ್ಲಿ, ಬರಿದಾದ ಬೂದು ನೆಲದ ನಡುವೆ, ಮುಳುಗಡೆಗೆ ಮೊದಲಿದ್ದ ಶರಾವತಿಯ ಹಳೆಯ ಪಾತ್ರವನ್ನು ಕಂಡೆ. ಹಾವು ಹರಿದ ಗುರುತಿನಂತೆ ಅದು ಸಣ್ಣದಾಗಿ, ಕಪ್ಪಗೆ, ತಿರುತಿರುಗಿ ಹೋಗಿತ್ತು. ಹಿನ್ನೀರು ಎಂದರೆ ವಿಶಾಲವಾದ ನೀರು ಎಂದಷ್ಟೇ ತಿಳಿದು ಬೆಳೆದವನಿಗೆ ಅದರೊಳಗೆ ಒಂದು ಹೊಳೆ ಹಾಗೆಯೇ ಮಲಗಿದೆ ಎಂಬುದನ್ನು ಕಣ್ಣಾರೆ ಕಂಡ ಆ ಬೆಳಗು ಈಗಲೂ ನೆನಪಿದೆ.

ಇದೇ ಚಿತ್ರಗಳಲ್ಲಿ ಸಿಗಂದೂರಿಗೆ ಹೋಗುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬೆಳೆದದ್ದನ್ನೂ ನಾನು ನೋಡುತ್ತಾ ಬಂದೆ. ಮೊದಲಿಗೆ ಅಲ್ಲಿ ಕಾಣುತ್ತಿದ್ದುದು ದಡದಿಂದ ದಡಕ್ಕೆ ಸಾಗುವ ಲಾಂಚ್ ಮಾತ್ರ, ಕಪ್ಪು ನೀರಿನ ಮೇಲೆ ಎರಡು ಮೂರು ಚೌಕಗಳ ಬಿಳಿ ಚುಕ್ಕೆಯಾಗಿ. ನಂತರ ಕಂಬಗಳು ಒಂದರ ಮುಂದೆ ಒಂದು ಚುಕ್ಕೆಯಾಗಿ ಮೂಡಿದವು, ಕೊನೆಗೆ ಚುಕ್ಕೆಗಳು ಕೂಡಿ ಗೆರೆಯಾದವು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆಯಾದಾಗ ನನಗೆ ಅದರ ಬೆಳವಣಿಗೆಯ ಒಂದೊಂದು ಬೇಸಿಗೆಯೂ ಪರಿಚಿತವಾಗಿತ್ತು. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಮಲೆನಾಡಿನ ಮೇಲೆ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ. ಆಗ ಮೋಡದೊಳಗಿಂದಲೂ ನೋಡಬಲ್ಲ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳನ್ನು ಬಳಸಬಹುದು.

ಹಳೆಯ ಹೊಳೆ ಸಿಕ್ಕಿತು, ಆದರೆ ಅದರ ಯಾವ ತಿರುವಿನಲ್ಲಿ ಅಮ್ಮನ ಊರಿತ್ತು? ನಾನು ಬಳಸುತ್ತಿದ್ದ ಉಪಗ್ರಹ ಚಿತ್ರಗಳು ಇದಕ್ಕೆ ಉತ್ತರ ಕೊಡಲಾರವು, ಏಕೆಂದರೆ ನೆಲದ ಚಿತ್ರ ತೆಗೆಯುವ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳಲ್ಲಿ ಮೊದಲನೆಯದು ಹಾರಿದ್ದೇ 1972ರಲ್ಲಿ. ಆ ಹೊತ್ತಿಗೆ ಊರು ಮುಳುಗಿ ಎಂಟು ವರ್ಷ ಕಳೆದಿತ್ತು. ಇಲ್ಲಿ ನೆರವಾದದ್ದು ಒಂದು ಕಾಗದದ ನಕ್ಷೆ. ಅಮೆರಿಕದ ಸೇನೆಯ ನಕ್ಷಾ ವಿಭಾಗ 1950ರ ದಶಕದಿಂದ ಭಾರತದ ಬಗ್ಗೆ 1:2,50,000 ಅಳತೆಯಲ್ಲಿ ಹೊರತಂದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯವು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಟ್ಟಿದೆ. ನಮ್ಮ ಭಾಗದ ಹಾಳೆಯನ್ನು ಇಳಿಸಿಕೊಂಡು ಗೂಗಲ್ ಅರ್ಥ್ ಪ್ರೊದಲ್ಲಿ ಚಿತ್ರದ ಮೇಲೆ ಹೊದಿಸಿದೆ. ಮುಳುಗದೆ ಉಳಿದ ಗುರುತುಗಳನ್ನೇ ಮೊಳೆಗಳಂತೆ ಬಳಸಿ, ಎಂದರೆ ಜೋಗದ ಜಲಪಾತ, ತಾಳಗುಪ್ಪದ ರೈಲು ನಿಲ್ದಾಣ, ಸಾಗರದ ರಸ್ತೆ ಕೂಡುವ ಜಾಗ, ಇವುಗಳ ಮೇಲೆ ನಕ್ಷೆಯ ಅದೇ ಗುರುತುಗಳು ಕೂರುವವರೆಗೆ ಹಾಳೆಯನ್ನು ಎಳೆದು, ತಿರುಗಿಸಿ ಹೊಂದಿಸಿದೆ. ಅದು ಮೂರು ಬೆಳಗುಗಳ ಕೆಲಸ. ಆಮೇಲೆ ನಕ್ಷೆಯನ್ನು ಅರೆಪಾರದರ್ಶಕ ಮಾಡಿದರೆ ಕೆಳಗೆ ಈಗಿನ ನೀರು, ಮೇಲೆ ಆಗಿನ ಹೊಳೆ, ದಾರಿ, ಊರುಗಳ ಹೆಸರು. ಒಂದು ಎಚ್ಚರ ಮಾತ್ರ ಬೇಕು. ಈ ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 250 ಮೀಟರ್, ಆದ್ದರಿಂದ ಪೆನ್ನಿನ ಗೆರೆಯ ದಪ್ಪದಲ್ಲೇ ಒಂದು ಕೇರಿ ಅಡಗಿಹೋಗಬಹುದು. ಊರಿನ ತಿರುವನ್ನು ಗುರುತಿಸಿದೆ ಎಂದು ನಾನು ಹೇಳಬಲ್ಲೆ. ಮನೆಯ ಜಾಗವನ್ನು ಗುರುತಿಸಿದೆ ಎಂದು ಹೇಳಲಾರೆ.

ಹೊಸದಾಗಿ ನೋಡತೊಡಗುವವರನ್ನು ಬಹುವಾಗಿ ಕಾಡುವ ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಡಿಸೆಂಬರಿನ ಒಂದು ಚಿತ್ರದಲ್ಲಿ ಜೋಗದ ಕೆಳಗಿನ ಶರಾವತಿ ಕಣಿವೆ ನನಗೆ ಉದ್ದನೆಯ ಬೆಟ್ಟದ ಸಾಲಿನಂತೆ ಕಂಡಿತು, ಹೊಳೆ ಆ ಬೆಟ್ಟದ ನೆತ್ತಿಯ ಮೇಲೆ ಹರಿಯುತ್ತಿತ್ತು! ಈ ಉಪಗ್ರಹಗಳು ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಹಾದುಹೋಗುತ್ತವೆ. ಚಳಿಗಾಲದಲ್ಲಿ ಆಗ ಸೂರ್ಯ ಆಗ್ನೇಯದಲ್ಲಿರುವುದರಿಂದ ನೆರಳು ವಾಯವ್ಯಕ್ಕೆ, ಅಂದರೆ ಪರದೆಯ ಮೇಲ್ಭಾಗಕ್ಕೆ ಬೀಳುತ್ತದೆ. ಬೆಳಕು ಮೇಲಿನಿಂದ ಬರುತ್ತದೆ ಎಂದು ಎಣಿಸುವ ನಮ್ಮ ಕಣ್ಣು ಆಗ ತಗ್ಗನ್ನು ಉಬ್ಬೆಂದೂ ಉಬ್ಬನ್ನು ತಗ್ಗೆಂದೂ ಓದಿಬಿಡುತ್ತದೆ. ದಕ್ಷಿಣ ಮೇಲಕ್ಕೆ ಬರುವಂತೆ ಚಿತ್ರವನ್ನು ತಲೆಕೆಳಗು ಮಾಡಿದ ಕೂಡಲೇ ಕಣಿವೆ ಕಣಿವೆಯಾಯಿತು.

ಅಮ್ಮನಿಗೆ ಚಿತ್ರ ಅರ್ಥವಾಗದೆ ಇದ್ದುದಕ್ಕೂ ದಿಕ್ಕೇ ಕಾರಣವಾಗಿತ್ತು. ಉತ್ತರವನ್ನು ಮೇಲಿಟ್ಟು ನೆತ್ತಿಯಿಂದ ನೋಡುವ ಊರು ಅವರು ನಡೆದಾಡಿದ ಊರಲ್ಲ. "ಇದಲ್ಲ ಮಾರಾಯ, ಬೆಳಿಗ್ಗೆ ಹೊಳೆಗೆ ಹೋಗುವಾಗ ಬಿಸಿಲು ಬೆನ್ನಿಗೆ ಹೊಡೀತಿತ್ತು, ನೀರು ಎಡದಿಂದ ಬಲಕ್ಕೆ ಹೋಗ್ತಿತ್ತು" ಎಂದರು. ಬಿಸಿಲು ಬೆನ್ನಿಗೆ ಎಂದರೆ ಪಶ್ಚಿಮಕ್ಕೆ ಮುಖ. ಮನೆ ಹೊಳೆಯ ಪೂರ್ವ ದಂಡೆಯ ಮೇಲಿತ್ತು ಎಂದಾಯಿತು, ಅಲ್ಲಿ ಹೊಳೆ ಉತ್ತರದ ಕಡೆಗೆ ಹರಿಯುತ್ತಿತ್ತು ಎಂದೂ ಆಯಿತು. ಈ ಒಂದು ಮಾತಿನಿಂದ ನಾನು ಗುರುತು ಹಾಕಿಕೊಂಡಿದ್ದ ಮೂರು ತಿರುವುಗಳಲ್ಲಿ ಎರಡು ಕಳಚಿಬಿದ್ದವು. ಉಳಿದ ತಿರುವಿನಲ್ಲಿ ನಿಂತು, ಚಿತ್ರವನ್ನು ಪಶ್ಚಿಮಕ್ಕೆ ತಿರುಗಿಸಿ, ನೆಲದ ಮಟ್ಟಕ್ಕೆ ವಾಲಿಸಿದೆ. ಎದುರಿಗೆ ಎರಡು ನೆತ್ತಿಯ ಒಂದು ಗುಡ್ಡ ಎದ್ದಿತು. ಈಗ ಅದು ಹಿನ್ನೀರಿನ ಒಂದು ನಡುಗಡ್ಡೆ. ಅಮ್ಮ ಪರದೆಯ ಮೇಲೆ ಬೆರಳಿಟ್ಟು ಅದರ ತಗ್ಗಿನಲ್ಲಿ ಸೂರ್ಯ ಮುಳುಗುತ್ತಿದ್ದ ಕಾಲವನ್ನು ಹೇಳಿದರು.

ಆ ತಿರುವು ಎಂದಾದರೂ ನೀರಿನಿಂದ ಹೊರಗೆ ಬಂದಿದೆಯೇ ಎಂದು ತಿಳಿಯುವ ಆಸೆ ಉಳಿದಿತ್ತು. ಐರೋಪ್ಯ ಆಯೋಗದ ಸಂಶೋಧನಾ ಕೇಂದ್ರವು 1984ರಿಂದೀಚಿನ ಮೂವತ್ತು ಲಕ್ಷ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಪರಿಶೀಲಿಸಿ, ಭೂಮಿಯ ಯಾವ ಚುಕ್ಕೆಯಲ್ಲಿ ಎಷ್ಟು ಪಾಲು ಕಾಲ ನೀರಿತ್ತು ಎಂಬುದನ್ನು ತೋರಿಸುವ ಒಂದು ನಕ್ಷೆಯನ್ನು ತಯಾರಿಸಿದೆ. ಸದಾ ನೀರಿರುವ ಜಾಗ ಅದರಲ್ಲಿ ಕಡು ನೀಲಿ, ಅಪರೂಪಕ್ಕೆ ನೀರು ಬರುವ ಜಾಗ ತಿಳಿಗೆಂಪು. ಹಿನ್ನೀರಿನ ಅಂಚುಗಳೆಲ್ಲ ನಸುಗೆಂಪಾಗಿದ್ದವು. ಅಮ್ಮನ ತಿರುವು ಕಡು ನೀಲಿಯಲ್ಲಿತ್ತು.

ಇದಾದ ಮೇಲೆ ನಾನು ಜಗತ್ತನ್ನು ಮತ್ತೆ ಸುತ್ತತೊಡಗಿದೆ, ಈ ಬಾರಿ ನೀರು ಮತ್ತು ಊರು ಎಂಬ ಒಂದೇ ಎಳೆಯನ್ನು ಹಿಡಿದು. ಅಮೆರಿಕದ ನೆವಾಡಾದಲ್ಲಿ ಹೂವರ್ ಅಣೆಕಟ್ಟಿನ ಹಿನ್ನೀರಿಗೆ 1938ರಲ್ಲಿ ಬಲಿಯಾದ ಸೇಂಟ್ ಥಾಮಸ್ ಎಂಬ ಊರು ಬರಗಾಲದಿಂದ ನೀರು ಇಳಿದು ಹೊರಗೆ ಬಂದಿದೆ. ಅದರ ಬೀದಿಗಳ ಚೌಕಳಿಯನ್ನು ಈಗಲೂ ಮೇಲಿನಿಂದ ಗುರುತಿಸಬಹುದು. ಅರಾಲ್ ಸಮುದ್ರದ ಕಥೆ ಇದಕ್ಕೆ ತಿರುಗುಮುರುಗು. 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್ ಹರಡಿಕೊಂಡಿದ್ದ ಆ ಸರೋವರಕ್ಕೆ ನೀರು ತರುತ್ತಿದ್ದ ಎರಡು ನದಿಗಳನ್ನು ಹತ್ತಿಯ ಹೊಲಗಳಿಗೆ ತಿರುಗಿಸಿದ್ದರಿಂದ ಊರು ಉಳಿಯಿತು, ನೀರೇ ಊರು ಬಿಟ್ಟು ಹೋಯಿತು. ಉಜ್ಬೇಕಿಸ್ತಾನದ ಮೊಯ್ನಾಕ್ ಎಂಬ ಹಳೆಯ ಮೀನುಗಾರಿಕೆಯ ಬಂದರಿನಲ್ಲಿ ತುಕ್ಕು ಹಿಡಿದ ಹಡಗುಗಳು ಮರಳಿನ ಮೇಲೆ ಸಾಲಾಗಿ ನಿಂತಿರುವುದನ್ನು ಗೂಗಲ್ ಅರ್ಥ್‌ನಲ್ಲಿ ಒಂದೊಂದಾಗಿ ಎಣಿಸಬಹುದು. ಅಲ್ಲಿಂದ ಉತ್ತರಕ್ಕೆ ಕಜಕಸ್ತಾನದ ಕಡೆ ಹೋದರೆ 2005ರಲ್ಲಿ ಮುಗಿದ ಕೊಕರಾಲ್ ಅಣೆಕಟ್ಟು ಸಿಗುತ್ತದೆ. ಅದರ ಮೇಲ್ಬದಿಗೆ ನೀಲಿ, ಕೆಳಬದಿಗೆ ಉಪ್ಪಿನ ಬಿಳಿ. ಇಂತಹ ನೇರವಾದ ಅಂಚನ್ನು ಕಂಡರೆ ಈಗಲೂ ನಾನು ಮೊದಲು ತಾರೀಖು ನೋಡುತ್ತೇನೆ. ಇಲ್ಲಿ ಅದು ಹೊಲಿಗೆಯಲ್ಲ.

ಅಮ್ಮನಿಗೆ ಪೂರ್ತಿ ಕೂರಿಸಿ ತೋರಿಸಿದ್ದು ಟರ್ಕಿಯ ಹಸನ್‌ಕೈಫ್ ಪಟ್ಟಣವನ್ನು. ಟೈಗ್ರಿಸ್ ನದಿಯ ದಂಡೆಯ ಆ ಪುರಾತನ ಪಟ್ಟಣ ಇಲಿಸು ಅಣೆಕಟ್ಟಿನಿಂದ ಮುಳುಗಿದ್ದು ಸೆಂಟಿನೆಲ್-2ರ ಕಣ್ಣೆದುರಿಗೇ. 2019ರ ಜುಲೈನಲ್ಲಿ ನೀರು ನಿಲ್ಲಿಸತೊಡಗಿದಲ್ಲಿಂದ ತಿಂಗಳಿಗೊಂದು ಚಿತ್ರ ಆರಿಸಿ ಸಾಲಾಗಿ ಜೋಡಿಸಿದೆ. ದಾರದಂತಿದ್ದ ನದಿ ಹಗ್ಗವಾಯಿತು, ಆಮೇಲೆ ಪಕ್ಕದ ಹಳ್ಳಗಳೊಳಗೆ ಬೆರಳು ಚಾಚಿತು. 2020ರ ಬೇಸಿಗೆಯ ಚಿತ್ರದಲ್ಲಿ ಹಳೆಯ ಪೇಟೆಯ ಜಾಗ ಕಪ್ಪಾಗಿತ್ತು. ಅಲ್ಲಿದ್ದ 15ನೆಯ ಶತಮಾನದ ಒಂದು ಗೋರಿಯನ್ನು 2017ರಲ್ಲೇ ಚಕ್ರಗಳ ಅಟ್ಟಣೆಯ ಮೇಲೆ ಇಡಿಯಾಗಿ ಸಾಗಿಸಿದ್ದರು ಎಂದು ಹೇಳಿದಾಗ, ತಮ್ಮ ಅಪ್ಪ ಊರು ಬಿಡುವ ದಿನ ಚೌಡಿಯ ಕಲ್ಲನ್ನು ಗೋಣಿಯಲ್ಲಿ ಸುತ್ತಿ ಲಾರಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು ಎಂದು ಅಮ್ಮ ನೆನಪಿಸಿಕೊಂಡರು. ಆಮೇಲೆ, "ಅವರಿಗೆ ಹೊಸ ಊರು ಎಲ್ಲಿ ಕೊಟ್ಟರು?" ಎಂದು ಕೇಳಿದರು. ಚಿತ್ರವನ್ನು ನದಿಯ ಉತ್ತರಕ್ಕೆ ಸರಿಸಿ, ಒಂದೇ ಅಳತೆಯಲ್ಲಿ ಕಟ್ಟಿದ ಮನೆಗಳ ಸಾಲನ್ನು ತೋರಿಸಿದೆ. ಅಲ್ಲಿ ಮರಗಳಿವೆಯೇ ಎಂದು ಕೇಳಿದರು. ಅವಕೆಂಪು ಚಿತ್ರವನ್ನು ತೆರೆದು ನೋಡಿದೆ, ಮನೆಗಳ ನಡುವೆ ಮರವೆಂದು ಹೇಳಬಹುದಾದ ಕೆಂಪು ನನಗೆ ಕಾಣಲಿಲ್ಲ. "ಈಗಷ್ಟೇ ಬಂದಿದಾರಲ್ಲ. ಬರುವ ವರ್ಷದ್ದು ಬಂದಾಗ ಮತ್ತೆ ತೋರಿಸು" ಎಂದರು. ಅಂದಿನಿಂದ ಪ್ರತಿ ಮೇ ಕೊನೆಯಲ್ಲಿ ಎರಡು ಚಿತ್ರಗಳನ್ನು ಇಳಿಸಿಕೊಳ್ಳುತ್ತೇನೆ, ಒಂದು ನಮ್ಮ ಹಿನ್ನೀರಿನದು, ಇನ್ನೊಂದು ಹಸನ್‌ಕೈಫಿನ ಹೊಸ ಊರಿನದು.